ಪ್ಲಾಸ್ಟಿಕ್ಕಿನ ಗೋಡೆಯೂ ರಕ್ತದ ಸಂಶಯವೂ

ಅಫಜಲಪುರ ತಾಲೂಕಿನ ಸೊನ್ನದ ಬಳಿ, ಭೀಮಾನದಿಯ ದಂಡೆಯ ಹೊಲದಲ್ಲಿ ದುಡಿಯುವ ರೈತನ ಬೆರಳಿಗೆ ಕುಡುಗೋಲು ತಾಗಿತೆನ್ನಿ. ಬಟ್ಟೆಯಿಂದ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ನೆತ್ತರು ಹೆಪ್ಪುಗಟ್ಟಿ ನಿಲ್ಲುತ್ತದೆ. ಪ್ರಾಣ ಕಾಯುವ ಈ ಗುಣವೇ, ಅದೇ ರೈತನು ಮೂತ್ರಪಿಂಡ ಕೆಟ್ಟು ಕಲಬುರಗಿಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿದಾಗ ವೈರಿಯಾಗಬಲ್ಲದು.

ರಕ್ತವು ಪ್ಲಾಸ್ಟಿಕ್ ನಳಿಗೆಯನ್ನು ಹೊಕ್ಕ ಕೆಲವು ಕ್ಷಣಗಳಲ್ಲಿಯೇ ಅದರಲ್ಲಿರುವ ಪ್ರೋಟೀನುಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಅವುಗಳ ಮೇಲೆ ಕಿರುಬಿಲ್ಲೆಗಳು ಬಂದು ಕೂರುತ್ತವೆ. ಬಳಿಕ ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆಯಲ್ಪಡುತ್ತದೆ. ಇದನ್ನು ತಡೆಯಲು ವೈದ್ಯರು ಹೆಪಾರಿನ್ ಕೊಡುತ್ತಾರೆ. ಆದರೆ ಅದು ನಳಿಗೆಯಲ್ಲಿ ಮಾತ್ರವಲ್ಲ, ಮೈಯಲ್ಲೆಲ್ಲ ಹರಡುತ್ತದೆ. ಹುಣ್ಣಿದ್ದವರಿಗೆ ರಕ್ತಸ್ರಾವದ ಭಯ ತಪ್ಪಿದ್ದಲ್ಲ. ಹಾಗಾದರೆ ಔಷಧವನ್ನು ಗೋಡೆಗೇ ಲೇಪಿಸಬಾರದೇಕೆ?

ಇದಕ್ಕೆ ಉತ್ತರ ದೊರೆತುದು ಬಹುಮಟ್ಟಿಗೆ ಆಕಸ್ಮಿಕವಾಗಿ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಶಸ್ತ್ರವೈದ್ಯ ವಿನ್ಸೆಂಟ್ ಗಾಟ್ ಮತ್ತು ಸಂಗಡಿಗರು ಪ್ಲಾಸ್ಟಿಕ್ಕಿಗೆ ವಿದ್ಯುತ್ತು ಹಾಯಿಸುವ ಉದ್ದೇಶದಿಂದ ಗ್ರಾಫೈಟ್ ಬಳಿದಿದ್ದರು. ಕ್ರಿಮಿನಾಶಕ್ಕೆಂದು ಬೆಂಜಾಲ್ಕೋನಿಯಂ ದ್ರವದಲ್ಲಿ ಅದ್ದಿ, ಹೆಪಾರಿನ್ ಬೆರೆಸಿದ ನೀರಿನಲ್ಲಿ ತೊಳೆದರು. ರಕ್ತ ಹೆಪ್ಪುಗಟ್ಟಲಿಲ್ಲ. ಅದಕ್ಕೆ ಕಾರಣ ವಿದ್ಯುತ್ತಲ್ಲ, ಗ್ರಾಫೈಟಿಗೆ ಬೆಂಜಾಲ್ಕೋನಿಯಂ ಬಿಗಿದಿದ್ದ ಹೆಪಾರಿನ್ನೇ! 1963ರಲ್ಲಿ ಈ ಸಂಗತಿ ಪ್ರಕಟವಾಯಿತು. ಆದರೂ ಒಂದು ಕೊರತೆ ಉಳಿಯಿತು: ಹಾಗೆ ಅಂಟಿದ ಹೆಪಾರಿನ್ ಕ್ರಮೇಣ ರಕ್ತದಲ್ಲಿ ತೊಳೆದುಹೋಗುತ್ತಿತ್ತು. 1980ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹೆಪಾರಿನ್ ಸರಪಳಿಯ ಒಂದೇ ತುದಿಯನ್ನು ಗೋಡೆಗೆ ಭದ್ರವಾಗಿ ಬಂಧಿಸಿದರು. ಭೀಮೆಯ ಜೊಂಡು ಬೇರೂರಿಯೂ ಪ್ರವಾಹದಲ್ಲಿ ತೂಗಾಡುವಂತೆ ಅದರ ಮತ್ತೊಂದು ತುದಿ ರಕ್ತದಲ್ಲಿ ಸ್ವತಂತ್ರವಾಗಿ ಆಡುತ್ತ ಕೆಲಸಮಾಡುತ್ತದೆ. ಹೃದಯ ಶಸ್ತ್ರಚಿಕಿತ್ಸೆಯ ಯಂತ್ರಗಳ ನಳಿಗೆಗಳಿಗೆ ಇಂದು ಇಂತಹ ಲೇಪನವುಂಟು.

ಎಲ್ಲ ಕಡೆಯೂ ಲೇಪನದಿಂದಲೇ ಕಾರ್ಯ ಸಾಧಿಸುವುದಿಲ್ಲ. ಮುಂದೆ ಮಣಿಪಾಲದಲ್ಲಿ ಕುಲಪತಿಗಳಾಗಿದ್ದು, 2024ರಲ್ಲಿ ಅಲ್ಲಿಯೇ ನಿಧನರಾದ ಡಾ. ಎಂ. ಎಸ್. ವಲಿಯತ್ತಾನ್ ಅವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಸ್ವದೇಶಿ ಹೃದಯ ಕವಾಟವನ್ನು ರೂಪಿಸಿದರು. ಹಲವು ಮಾದರಿಗಳು ಸೋತ ಬಳಿಕ, ಪಾಲಿಥೀನ್ ಬಿಲ್ಲೆಯುಳ್ಳ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲಬಾರಿಗೆ ರೋಗಿಗೆ ಜೋಡಿಸಲಾಯಿತು. ವಿದೇಶೀ ಕವಾಟದ ಬೆಲೆ ತೆರಲಾರದ ಸಾಮಾನ್ಯರಿಗೆ ಇದು ದೊಡ್ಡ ಆಸರೆ. ಬಿಲ್ಲೆ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತದೆ. ರಕ್ತವೋ ಅದನ್ನು ಎಂದಿಗೂ ತನ್ನದೆಂದು ಒಪ್ಪುವುದಿಲ್ಲ. ಆದಕಾರಣ ಯಾಂತ್ರಿಕ ಕವಾಟ ಹಾಕಿಸಿಕೊಂಡವರು, ಸೊನ್ನದವರಿರಲಿ ಬೆಂಗಳೂರಿನವರಿರಲಿ, ಜೀವನಪರ್ಯಂತ ದಿನವೂ ಗುಳಿಗೆ ನುಂಗಬೇಕು, ಆಗಾಗ್ಗೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು.