‘ವಯಸ್ಸಾಯಿತಲ್ಲ’ ಎಂದು ಸುಮ್ಮನಿರಬೇಡಿ

ನಲವತ್ತೈದು ದಾಟಿದ ಮಹಿಳೆ ಏನೇ ತೊಂದರೆ ಹೇಳಿಕೊಂಡರೂ ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ವಯಸ್ಸಾಯಿತಲ್ಲ, ಇನ್ನೇನು?’ ಮೈ ಬಿಸಿಯಾದರೂ ಅದೇ, ಸೊಂಟ ನೋವಾದರೂ ಅದೇ, ತಿಂಗಳಿಗೆ ಎರಡು ಸಲ ಮುಟ್ಟಾದರೂ ಅದೇ. ಎಷ್ಟೋ ಬಾರಿ ಆಕೆಯೇ ಹೀಗೆ ಸಮಾಧಾನ ಹೇಳಿಕೊಂಡು ಕೆಲಸಕ್ಕೆ ತೊಡಗುತ್ತಾಳೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅಪಾಯಕಾರಿ. ಯಾವುದು ಸಹಜ, ಯಾವುದಕ್ಕೆ ವೈದ್ಯರನ್ನು ಕಾಣಬೇಕು ಎಂಬುದು ನಿಮಗೆ ತಿಳಿದಿರಲಿ.

ಸಹಜವಾದದ್ದು ಯಾವುದು?

ಭಾರತದ ಮಹಿಳೆಯರಲ್ಲಿ ಸರಾಸರಿ 46-47ನೇ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ. ನಲವತ್ತಕ್ಕೆ ಮೊದಲೇ ನಿಂತರೆ ಮಾತ್ರ ಪರೀಕ್ಷೆ ಮಾಡಿಸಬೇಕು.

ಋತುಬಂಧಕ್ಕೆ ಕೆಲವು ವರ್ಷ ಮೊದಲಿನಿಂದಲೇ ಅಂಡಾಶಯಗಳಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಉತ್ಪತ್ತಿ ಏರುಪೇರಾಗಿ, ಕ್ರಮೇಣ ಕಡಿಮೆಯಾಗುತ್ತದೆ. ಮುಟ್ಟಿನ ಲೆಕ್ಕ ತಪ್ಪುವುದು ಇದರಿಂದಲೇ. ಮೈ ಉಷ್ಣತೆಯನ್ನು ಹಿಡಿತದಲ್ಲಿಡುವ ಮೆದುಳಿನ ಭಾಗಕ್ಕೂ ಇದರ ಬಿಸಿ ತಟ್ಟುತ್ತದೆ. ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖ ಬಿಸಿಯಾಗಿ ಬೆವರು ಸುರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ರಾತ್ರಿ ಹೀಗಾದರೆ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟವರಿಗೆ ಮರುದಿನ ಸಿಡುಕು, ಮರೆವು ಬಂದರೆ ಆಶ್ಚರ್ಯವಿಲ್ಲ.

ತೆಳುವಾದ ಹತ್ತಿ ಬಟ್ಟೆ ಉಡಿ. ಅಡುಗೆಮನೆಯ ಕಿಟಕಿ ತೆರೆದಿಡಿ. ಕಾಫಿ, ಖಾರದಿಂದ ತೊಂದರೆ ಹೆಚ್ಚುತ್ತಿದ್ದರೆ ಕಡಿಮೆ ಮಾಡಿ. ಇಷ್ಟಕ್ಕೂ ಬಗ್ಗದೆ ದಿನದ ಕೆಲಸಕ್ಕೆ ಅಡ್ಡಿಯಾದರೆ ಹಾರ್ಮೋನ್ ಚಿಕಿತ್ಸೆಯೂ ಇದೆ. ಅದು ಎಲ್ಲರಿಗೂ ಹೊಂದುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರು ನುಂಗುವ ಮಾತ್ರೆಯನ್ನು ನೀವೂ ನುಂಗಬೇಡಿ. ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳಿ.

ಸಹಜವಲ್ಲದ್ದು

ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದು ‘ಹಳೆಯ ಮುಟ್ಟು’ ಅಲ್ಲ. ಒಂದು ಹನಿಯಾದರೂ, ಒಂದೇ ಸಲವಾದರೂ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಹೀಗೆ ಬಂದವರಲ್ಲಿ ಹೆಚ್ಚಿನವರಿಗೆ ಒಳಪೊರೆ ತೆಳುವಾಗಿರುವುದು, ಸಣ್ಣ ದುರ್ಮಾಂಸ ಬೆಳೆದಿರುವುದು ಮುಂತಾದ ಸಾಮಾನ್ಯ ಕಾರಣಗಳೇ ಇರುತ್ತವೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಇರಬಹುದು. ಸ್ಕ್ಯಾನಿಂಗ್ ಮಾಡಿ, ಅಗತ್ಯವಿದ್ದರೆ ಒಳಪೊರೆಯ ಚೂರು ತೆಗೆದು ಪರೀಕ್ಷಿಸಿದರೆ ವಿಷಯ ತಿಳಿಯುತ್ತದೆ. ಬೇಗ ಪತ್ತೆಯಾದರೆ ಇದು ಬಹುಮಟ್ಟಿಗೆ ಗುಣವಾಗುವ ಕಾಯಿಲೆ. ನಾಚಿಕೆಯಿಂದ ಕಳೆದ ತಿಂಗಳುಗಳೇ ಇಲ್ಲಿ ಶತ್ರು.

ಮುಟ್ಟು ನಿಲ್ಲುವ ಮೊದಲು ಅತಿಯಾದ ಸ್ರಾವ, ಗಡ್ಡೆಗಡ್ಡೆಯಾಗಿ ಹೋಗುವುದು, ಎಂಟು ದಿನವಾದರೂ ನಿಲ್ಲದಿರುವುದು, ಸಂಭೋಗದ ನಂತರ ರಕ್ತ ಕಾಣುವುದು, ಇವನ್ನೂ ಕಡೆಗಣಿಸಬೇಡಿ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು ಇದ್ದರೆ ರಕ್ತಹೀನತೆಯಾಗಿರಬಹುದು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಸುಸ್ತಿನ ಜತೆಗೆ ತೂಕವೂ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಗರ್ಭಕೋಶ ತೆಗೆಸುವ ಮುನ್ನ

‘ಮಕ್ಕಳಾದವು, ಇನ್ನೇಕೆ ಗರ್ಭಕೋಶ? ತೆಗೆಸಿಬಿಡಿ’ ಎನ್ನುವ ಮಾತು ನಮ್ಮಲ್ಲಿ ತೀರ ಸಲೀಸಾಗಿದೆ. ಕ್ಯಾನ್ಸರ್, ದೊಡ್ಡ ಗಡ್ಡೆಗಳಂಥ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಆದರೆ ಬರೀ ಅತಿಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವೂ ಇದೆ. ಜತೆಯಲ್ಲಿ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ‘ಬೇರೆ ದಾರಿ ಇದೆಯೇ? ಅಂಡಾಶಯ ಉಳಿಸಬಹುದೇ?’ ಎಂದು ಧೈರ್ಯವಾಗಿ ಕೇಳಿ. ತುರ್ತಿಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಮೂಳೆಗೆ ಬೇಕು ಆಸರೆ

ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ನೋವಿಲ್ಲದೆ ನಡೆಯುವ ಈ ಸವೆತ ಎಷ್ಟೋ ಜನರಿಗೆ ತಿಳಿಯುವುದು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಾಗಲೇ. ಈ ವಯಸ್ಸಿನವರಿಗೆ ದಿನಕ್ಕೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ. ಇದೆ. ಮುದ್ದೆ ಅಥವಾ ರೊಟ್ಟಿಯ ಜತೆಗೆ ಹಾಲು, ಮೊಸರು, ಸೊಪ್ಪು, ಎಳ್ಳು ಇರಲಿ. ಎಲ್ಲರಿಗೂ ಬಡಿಸಿ ಉಳಿದ ತಿಳಿಸಾರು, ಮಜ್ಜಿಗೆಯಲ್ಲಿ ನಿಮ್ಮ ಊಟ ಮುಗಿಯುವುದು ಬೇಡ. ದಿನವೂ ಅರ್ಧ ಗಂಟೆ ಬಿಸಿಲಿರುವಾಗ ಚುರುಕಾಗಿ ನಡೆಯಿರಿ. ‘ಮನೆಗೆಲಸವೇ ವ್ಯಾಯಾಮ’ ಎಂದು ಇದನ್ನು ಬಿಡಬೇಡಿ.

ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುವುದನ್ನು ಹೇಳಿಕೊಳ್ಳಲು ಹೆಚ್ಚಿನವರಿಗೆ ಸಂಕೋಚ. ಮೂತ್ರ ತಡೆಯುವಾಗ ಬಿಗಿಹಿಡಿಯುವ ಸ್ನಾಯುಗಳನ್ನು ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಸಲ ಬಿಗಿದು ಸಡಿಲಿಸಿ. ಮೂರು ತಿಂಗಳು ಬಿಡದೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ.

ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಸ್ತನ ಹಾಗೂ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಯಾವಾಗ ಆಗಬೇಕೆಂದು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. 30 ದಾಟಿದವರಿಗೆ ಈ ತಪಾಸಣೆಗಳು ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಸೇರಿವೆ. ಮಕ್ಕಳ ಲಸಿಕೆಯ ದಿನ, ಅತ್ತೆಯವರ ಮಾತ್ರೆಯ ಹೊತ್ತು ನೆನಪಿಟ್ಟವರು ನೀವು. ಮುಟ್ಟು ಬಂದ ದಿನ, ನಿಂತ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.