ಪ್ರಳಯದ ಮರುದಿನ

ಲೋಕವು ಹಾಳಾಗುವ ಕಥೆಗಳನ್ನು ಓದುವವರನ್ನು ಕಂಡರೆ ಉಳಿದವರಿಗೆ ಒಂದು ಬಗೆಯ ಅನುಮಾನ. ದಿನಪತ್ರಿಕೆಯನ್ನು ಬಿಡಿಸಿದರೆ ಬೇಕಾದಷ್ಟು ಅನಿಷ್ಟವಾರ್ತೆಗಳು ಬಿಟ್ಟಿಯಾಗಿ ದೊರೆಯುತ್ತಿರುವಾಗ, ಮಹಾಮಾರಿಯಿಂದಲೋ ಅಣುಬಾಂಬಿನಿಂದಲೋ ಮನುಷ್ಯಕುಲವೇ ನಿರ್ನಾಮವಾದ ವೃತ್ತಾಂತವನ್ನು ದುಡ್ಡು ತೆತ್ತು ತಂದು, ನಿದ್ದೆಗೆಟ್ಟು ಓದುವುದು ವಿಕೃತರುಚಿಯಲ್ಲದೆ ಮತ್ತೇನು ಎಂದು ಅವರು ಕೇಳುವರು. ಕೆಲವು ಪುಸ್ತಕಗಳ ವಿಷಯದಲ್ಲಿ ಈ ಆಕ್ಷೇಪಣೆ ಸಲ್ಲತಕ್ಕದ್ದೇ. ನಗರಗಳು ಉರಿಯುವುದನ್ನೂ ಸೇತುವೆಗಳು ಕುಸಿಯುವುದನ್ನೂ ಪುಟಗಟ್ಟಲೆ ಬಣ್ಣಿಸಿ, ಕಡೆಗೆ ಒಬ್ಬ ವೀರನ ಕೈಗೆ ಬಂದೂಕನ್ನಿತ್ತು ಮುಗಿಸುವ ಕಾದಂಬರಿಗಳ ಪರವಾಗಿ ವಕಾಲತ್ತು ವಹಿಸುವ ಉತ್ಸಾಹ ನನಗಿಲ್ಲ. ಆದರೆ ಈ ಪ್ರಕಾರದ ಕೆಲವು ಉತ್ತಮ ಕೃತಿಗಳಲ್ಲಿ ಪ್ರಳಯವೆಂಬುದು ಮೊದಲ ಪುಟಗಳಲ್ಲಿಯೇ ಮುಗಿದುಹೋಗಿರುತ್ತದೆ. ಕಥೆಗಾರನ ನಿಜವಾದ ಕುತೂಹಲವಿರುವುದು ಅದರ ಮರುದಿನದಲ್ಲಿ, ಮರುವರ್ಷದಲ್ಲಿ, ಮೊಮ್ಮಕ್ಕಳ ಕಾಲದಲ್ಲಿ.

ಇಂಗ್ಲಿಷಿನಲ್ಲಿ ಈ ಜಾತಿಯ ಕಾದಂಬರಿಗಳ ವಂಶಾವಳಿಯನ್ನು ಹಿಡಿದು ಹಿಂದೆ ಹೋದರೆ ಮೇರಿ ಶೆಲ್ಲಿಯ ‘ದಿ ಲಾಸ್ಟ್ ಮ್ಯಾನ್’ ಎದುರಾಗುತ್ತದೆ; ಅದು ಪ್ರಕಟವಾದುದು 1826ರಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ, ಸುಂಬಾವಾ ದ್ವೀಪದ ತಂಬೋರಾ ಅಗ್ನಿಪರ್ವತವು ಉಗುಳಿದ ಧೂಮವು ಆಕಾಶವನ್ನು ಮುಸುಕಿ ಯೂರೋಪಿಗೆ ಬೇಸಗೆಯೇ ಬಾರದೆ ಹೋದ 1816ರಲ್ಲಿ, ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಹೆದರಿ ಕುಳಿತು ದೆವ್ವದ ಕಥೆಗಳನ್ನು ಹೆಣೆಯುತ್ತಿದ್ದ ಗೆಳೆಯರ ಗುಂಪಿನಲ್ಲಿ ಆಕೆಯೂ ಒಬ್ಬಳು. ಆ ಗುಂಪಿನಲ್ಲಿದ್ದ, ಮುಂದೆ ಆಕೆಯ ಗಂಡನಾದ ಕವಿ ಶೆಲ್ಲಿ 1822ರಲ್ಲಿ ಇಟಲಿಯ ಕಡಲಿನಲ್ಲಿ ಮುಳುಗಿ ತೀರಿಹೋದ. ಅದೇ ಗುಂಪಿನ ಕವಿ ಬೈರನ್ 1824ರಲ್ಲಿ ಗ್ರೀಸಿನಲ್ಲಿ ಜ್ವರಕ್ಕೆ ತುತ್ತಾದ. ಆಕೆ ಹೆತ್ತ ಮಕ್ಕಳಲ್ಲಿ ಮೂವರು ಅಷ್ಟರಲ್ಲಿ ಹೋಗಿದ್ದರು. ಇಪ್ಪತ್ತೆಂಟು ತುಂಬಿದ್ದ ಆ ವಿಧವೆ ಪ್ಲೇಗು ಲೋಕವನ್ನೆಲ್ಲ ನುಂಗುವ ಕಥೆಯನ್ನು ಕಟ್ಟಿದಾಗ, ತನ್ನವರನ್ನೆಲ್ಲ ಕಳೆದುಕೊಂಡ ದುಃಖಕ್ಕೆ ಜಗತ್ತಿನಷ್ಟು ದೊಡ್ಡ ಪಾತ್ರೆಯನ್ನು ಹುಡುಕುತ್ತಿದ್ದಳೆಂದೇ ತೋರುತ್ತದೆ. ಕಾದಂಬರಿಯ ಕೊನೆಯಲ್ಲಿ ಏಕಾಕಿಯಾಗಿ ಉಳಿದ ವರ್ನಿ ಎಂಬಾತ ರೋಮಿನ ಸಂತ ಪೀಟರನ ದೇವಾಲಯವನ್ನು ಏರಿ, ಅದರ ತುತ್ತತುದಿಯ ಕಲ್ಲಿನಲ್ಲಿ 2100 ಎಂಬ ವರ್ಷವನ್ನು ಕೆತ್ತಿ, ಅದೇ ಲೋಕದ ಅಂತಿಮ ವರ್ಷವೆಂದು ಸಾರುತ್ತಾನೆ. ಅಂದಿನ ವಿಮರ್ಶಕರು ಪುಸ್ತಕವನ್ನು ಹೀನಾಯವಾಗಿ ಹಳಿದರು. ನೂರು ವರ್ಷಕ್ಕೂ ಮಿಕ್ಕಿ ಅದನ್ನು ಕೇಳುವವರಿರಲಿಲ್ಲ.

ಇದೇ ಕೆತ್ತನೆಯ ಕೆಲಸ 1949ರಲ್ಲಿ ಅಮೆರಿಕದ ಒಂದು ಕಾದಂಬರಿಯಲ್ಲಿ ಬರುತ್ತದೆ. ಆದರೆ ಅಲ್ಲಿ ಎಣಿಕೆ ಒಂದರಿಂದ ತೊಡಗುತ್ತದೆ. ಬರ್ಕ್ಲಿಯಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದ ಜಾರ್ಜ್ ಸ್ಟೂವರ್ಟ್ ಬರೆದ ‘ಅರ್ಥ್ ಅಬೈಡ್ಸ್’ನ ನಾಯಕ ಇಷ್, ಬೆಟ್ಟದಲ್ಲಿ ಹಾವು ಕಚ್ಚಿ ಒಂಟಿ ಗುಡಿಸಲಿನಲ್ಲಿ ನರಳುತ್ತಿರುವಾಗ, ದಡಾರದಂತಹ ಒಂದು ಜಾಡ್ಯ ಕೆಳಗಿನ ಊರುಗಳನ್ನೆಲ್ಲ ಬರಿದುಮಾಡುತ್ತದೆ. ಆತ ಮರಳಿ ಬಂದು, ಹೆಂಡತಿಯನ್ನೂ ನಾಲ್ಕಾರು ನೆರೆಯವರನ್ನೂ ಕೂಡಿಕೊಂಡು, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಮೇಲಣ ಗುಡ್ಡದಲ್ಲಿ ನೆಲೆಯೂರುತ್ತಾನೆ. ವರ್ಷ ವರ್ಷವೂ ಸೂರ್ಯನು ದಕ್ಷಿಣದ ತುದಿಯನ್ನು ಮುಟ್ಟಿದ ದಿನ ಅವರೆಲ್ಲ ಬಂಡೆಯೊಂದರ ಬಳಿ ನೆರೆದು, ಸುತ್ತಿಗೆ ಉಳಿಗಳಿಂದ ವರ್ಷದ ಅಂಕಿಯನ್ನು ಕೊರೆದು, ಕಳೆದ ವರ್ಷಕ್ಕೊಂದು ಹೆಸರಿಡುತ್ತಾರೆ.

ಸ್ಟೂವರ್ಟ್‌ನ ಹೆಚ್ಚುಗಾರಿಕೆಯೆಂದರೆ ಯಾವುದು ಯಾವಾಗ ನಿಲ್ಲುವುದೆಂಬ ಲೆಕ್ಕವನ್ನು ಗಣಿತಜ್ಞನ ನಿಷ್ಠೆಯಿಂದ ಇಟ್ಟಿರುವುದು. ಮನುಷ್ಯರು ಹೋದ ಮೊದಲಿಗೆ ಇರುವೆಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ತಾವಾಗಿಯೇ ಅಡಗುತ್ತವೆ. ಅನಂತರ ಇಲಿಗಳ ಸರದಿ, ಅವೂ ಹಸಿದು ಒಂದನ್ನೊಂದು ತಿಂದು ಕುಗ್ಗುತ್ತವೆ. ವಿದ್ಯುದ್ದೀಪಗಳು ಒಮ್ಮೆಲೇ ಆರದೆ, ದಿನದಿಂದ ದಿನಕ್ಕೆ ಕೆಂಪಾಗುತ್ತ ಹೋಗುತ್ತವೆ. ನಲ್ಲಿಯ ನೀರಾದರೋ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರುತ್ತಲೇ ಇರುತ್ತದೆ. ಅದು ಎಲ್ಲಿಂದ ಬರುತ್ತಿದೆ, ಏಕೆ ಬರುತ್ತಿದೆ ಎಂದು ಆ ಕಾಲದುದ್ದಕ್ಕೂ ಒಬ್ಬರೂ ವಿಚಾರಿಸಿದವರಲ್ಲ. ಒಂದು ಬೆಳಗ್ಗೆ ನಲ್ಲಿ ಒಣಗಿದಾಗ ಹೋಗಿ ನೋಡಿದರೆ, ತುಕ್ಕು ಹಿಡಿದ ಕೊಳವೆಗಳು ಸೋರಿ ಸೋರಿ ಜಲಾಶಯವೇ ಬತ್ತುತ್ತ ಬಂದಿದೆ. ಈ ಭಾಗವನ್ನು ಓದಿದವನು ಎದ್ದುಹೋಗಿ ತನ್ನ ಮನೆಯ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಿದರೆ ಆಶ್ಚರ್ಯವಿಲ್ಲ. ಇಷ್‌ನ ಮಹದಾಶೆ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವನ್ನು ಮುಂದಿನ ಪೀಳಿಗೆಗೆ ಒಪ್ಪಿಸುವುದು. ಆದರೆ ಓದಿನಲ್ಲಿ ಮನಸ್ಸಿಟ್ಟ ಒಬ್ಬನೇ ಮಗ ಕಾಯಿಲೆಯಿಂದ ತೀರಿಕೊಂಡ ಬಳಿಕ ಆತ ಪಾಠಶಾಲೆಯನ್ನು ಮುಚ್ಚಿ, ಉಳಿದ ಮಕ್ಕಳಿಗೆ ಬಿಲ್ಲು ಮಾಡುವುದನ್ನು ಕಲಿಸುತ್ತಾನೆ. ಅವರು ಹಳೆಯ ನಾಣ್ಯಗಳನ್ನು ಬಡಿದು ಬಾಣದ ಅಲಗುಗಳನ್ನು ಮಾಡಿಕೊಂಡು ಸುಖವಾಗಿರುತ್ತಾರೆ. ಸೋತದ್ದು ಅವರಲ್ಲ, ಇಷ್ ಒಬ್ಬನೇ ಎಂಬ ಅಳುಕನ್ನು ಲೇಖಕನು ಓದುಗನಲ್ಲಿ ಬಿಟ್ಟುಹೋಗುವ ಬಗೆ ಬಹು ನವುರಾದುದು.

ನಮ್ಮ ಪುರಾಣಗಳಲ್ಲಿ ಪ್ರಳಯಕ್ಕೇನೂ ಕೊರತೆಯಿಲ್ಲ. ಆದರೆ ಅದು ಕಲ್ಪಾಂತರಗಳ ಪ್ರಮಾಣದಲ್ಲಿ ನಡೆಯುವ ವ್ಯವಹಾರ. ಏಕಾರ್ಣವದ ನಡುವೆ ಆಲದ ಮರದಲ್ಲಿ ಪವಡಿಸಿದ ಶಿಶುವನ್ನು ಕಂಡ ಮಾರ್ಕಂಡೇಯನಿಗೆ ನಾಳೆಯ ಉಪ್ಪಿಗೇನು ಗತಿಯೆಂಬ ಚಿಂತೆ ಹುಟ್ಟಲು ಎಡೆಯಿಲ್ಲ. ಸ್ಟೂವರ್ಟ್‌ಗೆ ಹತ್ತಿರವಾದುದನ್ನು ಹುಡುಕುವುದಾದರೆ ಮಹಾಭಾರತದ ಮೌಸಲಪರ್ವಕ್ಕೆ ಹೋಗಬೇಕು. ಯಾದವರು ಪರಸ್ಪರ ಹೊಡೆದಾಡಿ ಸತ್ತಿದ್ದಾರೆ. ದ್ವಾರಕೆಯನ್ನು ಸಮುದ್ರ ನುಂಗಿದೆ. ಉಳಿದ ಹೆಂಗಸರು ಮಕ್ಕಳನ್ನು ಕರೆದೊಯ್ಯುವ ಅರ್ಜುನನ ಮೇಲೆ ದೊಣ್ಣೆ ಹಿಡಿದ ಆಭೀರರು ಬಿದ್ದಾಗ, ಗಾಂಡೀವದ ಹೆದೆಯೇರಿಸುವುದೇ ಆತನಿಗೆ ಪ್ರಯಾಸವಾಗುತ್ತದೆ, ಅಸ್ತ್ರಗಳು ನೆನಪಿಗೇ ಬಾರವು. ಕನ್ನಡದಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನು ಅಲ್ಲಿಯವರೆಗೆ ಬಾರದೆ ಹತ್ತು ಪರ್ವಗಳಿಗೆ ಕಾವ್ಯವನ್ನು ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನಾದರೂ, ಗಮಕಿಗಳ ಬಾಯಲ್ಲಿ ನಮ್ಮವರು ಕೇಳುತ್ತ ಬಂದುದು ಬಹುಮಟ್ಟಿಗೆ ಯುದ್ಧದ ಕಥೆಯನ್ನೇ, ಯುದ್ಧಾನಂತರದ ಬಯಲನ್ನಲ್ಲ.

ಈ ಬಯಲಿನಲ್ಲಿ ನಗುವುದಕ್ಕೂ ಅವಕಾಶವುಂಟೆಂದು ತೋರಿಸಿದವನು ವಾಲ್ಟರ್ ಮಿಲ್ಲರ್. ಎರಡನೆಯ ಮಹಾಯುದ್ಧದಲ್ಲಿ ವೈಮಾನಿಕ ಸೈನಿಕನಾಗಿದ್ದ ಈತ 1944ರ ಫೆಬ್ರವರಿಯಲ್ಲಿ ಇಟಲಿಯ ಮೋಂಟೆ ಕಸ್ಸೀನೋ ಎಂಬ ಪ್ರಾಚೀನ ಮಠವನ್ನು ನೆಲಸಮಮಾಡಿದ ಬಾಂಬುದಾಳಿಯಲ್ಲಿ ಪಾಲುಗೊಂಡಿದ್ದನು. ಹದಿನೈದು ವರ್ಷಗಳ ತರುವಾಯ ಬಂದ ಆತನ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’ನಲ್ಲಿ, ಅಣುಯುದ್ಧದಿಂದ ಹಾಳಾದ ನಾಡಿನ ಮಠವೊಂದು ಅಳಿದುಳಿದ ವಿಜ್ಞಾನದ ಹಾಳೆಗಳನ್ನು ಅರ್ಥವರಿಯದೆಯೇ ನೂರಾರು ವರ್ಷ ಕಾಪಾಡುತ್ತದೆ. ಸಂನ್ಯಾಸಿಗಳು ಭಕ್ತಿಯಿಂದ ಕಾಯ್ದಿಡುವ ಪವಿತ್ರ ಪತ್ರಗಳಲ್ಲೊಂದು, ಅಂಗಡಿಯಿಂದ ಮಾಂಸ, ಹುಳಿಕೋಸು, ರೊಟ್ಟಿ ತರಬೇಕೆಂದು ಎಂಜಿನಿಯರನೊಬ್ಬ ಗೀಚಿಕೊಂಡ ಚೀಟಿ. ಇನ್ನೊಂದು, ಯಾವುದೋ ಯಂತ್ರದ ನೀಲಿನಕ್ಷೆ. ಅದನ್ನು ಬಂಗಾರದ ರೇಖೆಗಳಿಂದ ಅಲಂಕರಿಸಿ ಪ್ರತಿಮಾಡುವುದರಲ್ಲಿ ಒಬ್ಬ ಸಾಧುವಿನ ಹದಿನೈದು ವರ್ಷ ಸವೆಯುತ್ತದೆ.

ಹೊಸದಾಗಿ ಈ ದಾರಿ ಹಿಡಿಯುವವರು ಸ್ಟೂವರ್ಟ್‌ನಿಂದ ತೊಡಗಿ ಮಿಲ್ಲರ್‌ನಲ್ಲಿಗೆ ಹೋಗುವುದು ಲೇಸು. ನೆವಿಲ್ ಶೂಟ್ 1957ರಲ್ಲಿ ಬರೆದ ‘ಆನ್ ದ ಬೀಚ್’ ಅನ್ನು ತುಸು ಗಟ್ಟಿಯಾದ ಮೇಲೆ ಎತ್ತಿಕೊಳ್ಳಬೇಕು. ವಿಷದ ಗಾಳಿ ಉತ್ತರದಿಂದ ಇಳಿದುಬರುವುದನ್ನು ಕಾಯುತ್ತ ಮೆಲ್ಬರ್ನಿನ ಜನ ತೋಟಕ್ಕೆ ಗಿಡ ನೆಡುವ ಆ ಕಥೆಯಲ್ಲಿ ಮೊಮ್ಮಕ್ಕಳ ಕಾಲವೆಂಬುದೇ ಇಲ್ಲ. ಮೇರಿ ಶೆಲ್ಲಿಯದು ಮೂರು ಸಂಪುಟಗಳ ಗ್ರಂಥ. ಮೊದಲನೆಯದರ ತುಂಬ ರಾಜಕೀಯ, ಪ್ರಣಯ ಮತ್ತು ನಿಟ್ಟುಸಿರು. ಪ್ಲೇಗು ಬರುವುದು ಎರಡನೆಯದರಲ್ಲಿ. ತಾಳ್ಮೆ ಸಾಲದವರು ಅಲ್ಲಿಂದಲೇ ಹಿಡಿದರೂ ಹೇಳಿಕೊಳ್ಳುವಂತಹ ನಷ್ಟವಿಲ್ಲ.