ಮುಂಬಯಿಯ ಕನ್ನಡ ಮನೆಗಳಲ್ಲಿ ಸಂಕ್ರಾಂತಿ

ಮುಂಬಯಿಯ ಕನ್ನಡಿಗರು ಮಕರ ಸಂಕ್ರಾಂತಿಯನ್ನು ಒಂದೇ ಊರಿನಿಂದ ತಂದವರಲ್ಲ. ಹಳೆಯ ಮೈಸೂರಿನ ಕಡೆಯಿಂದ ಬಂದು ಮಾಟುಂಗ ಮೊದಲಾದೆಡೆ ನೆಲೆಸಿದವರಿಗೆ ಅದು ಎಳ್ಳು ಬೀರುವ ಹಬ್ಬ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ಬೆರೆಸಿ, ಸಕ್ಕರೆ ಅಚ್ಚು ಕಬ್ಬಿನ ತುಂಡುಗಳೊಡನೆ ತಟ್ಟೆಯಲ್ಲಿರಿಸಿಕೊಂಡು ಹೆಣ್ಣುಮಕ್ಕಳು ಮನೆಮನೆಗೆ ಹೋಗುವರು. ಧಾರವಾಡ, ಬೆಳಗಾವಿ, ವಿಜಯಪುರಗಳ ಮನೆತನಗಳಲ್ಲಿ ಕುಸುರೆಳ್ಳಿಗೆ ಅಗ್ರಸ್ಥಾನ. ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆಯ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಕೈಯಾಡಿಸುತ್ತ ಕುಳಿತು, ಕಾಳಿನ ಮೈಮೇಲೆ ಮುಳ್ಳು ಏಳಿಸುವ ಕೆಲಸವದು. ಚಳಿಯ ಗಾಳಿಯಿದ್ದರೆ ಮುಳ್ಳು ಚೆನ್ನಾಗಿ ಏಳುವುದೆಂದು ಬಲ್ಲವರ ಮಾತು. ಮುಂಬಯಿಯ ಜನವರಿಯಲ್ಲಿ ಅಂತಹ ಚಳಿಯನ್ನು ಎಲ್ಲಿಂದ ತರುವುದು!

ಈ ಜಿಲ್ಲೆಗಳು 1956ರವರೆಗೂ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಅಲ್ಲಿಂದ ಬಂದವರಿಗೆ ಮರಾಠಿ ನೆರೆಹೊರೆಯ ಹಬ್ಬ ಪರಕೀಯವೆನಿಸಲಿಲ್ಲ. ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಇಬ್ಬರಲ್ಲಿಯೂ ಉಂಟು. ಎಳೆಯ ಮಕ್ಕಳ ತಲೆಯ ಮೇಲೆ ಬೋರೆಹಣ್ಣು ಸುರಿಯುವ ಮರಾಠಿ 'ಬೋರ್‌ನ್ಹಾಣ' ಮೈಸೂರಿನವರ ಎಳಚಿ ಎರೆಯುವ ಪದ್ಧತಿಯೇ, ಹಣ್ಣೂ ಒಂದೇ.

ಕರಾವಳಿಯವರ ವಿಷಯ ಬೇರೆ. ಸೌರಮಾನದ ಅವರಿಗೆ ತಿಂಗಳಿಗೊಂದು ಸಂಕ್ರಮಣ. ಮಕರದ್ದು ಅಡುಗೆಮನೆಗಿಂತ ದೇವಸ್ಥಾನಕ್ಕೆ ಸೇರಿದುದು. ಅಂದು ಉಡುಪಿಯಲ್ಲಿ ಮೂರು ತೇರುಗಳ ಉತ್ಸವ. ಎಳ್ಳುಂಡೆ, ಅರಿಸಿನ-ಕುಂಕುಮಗಳು ಅವರ ಮನೆಗಳಿಗೆ ಬಹುಮಟ್ಟಿಗೆ ಮುಂಬಯಿಯಲ್ಲಿಯೇ, ಚಾಳುಗಳ ಪಡಸಾಲೆಯ ಮೂಲಕ, ಮರಾಠಿ ನೆರೆಯವರಿಂದ ಬಂದವು.

ಕರ್ನಾಟಕದಲ್ಲಿ ಈ ಹಬ್ಬಕ್ಕೆ ಸರಕಾರಿ ರಜೆಯುಂಟು, ಮಹಾರಾಷ್ಟ್ರದಲ್ಲಿಲ್ಲ. ಕ್ರಿಸ್‌ಮಸ್ ರಜೆ ಮುಗಿದು ಶಾಲೆಗಳೂ ಆರಂಭವಾಗಿರುತ್ತವೆ. ಆದುದರಿಂದ ಹಬ್ಬದ ದಿನಕ್ಕಿಂತ ಅದರ ಮುಂದಿನ ಭಾನುವಾರಗಳೇ ಇಲ್ಲಿ ಅನುಕೂಲ. ಅರಿಸಿನ-ಕುಂಕುಮಕ್ಕೆ ರಥಸಪ್ತಮಿಯವರೆಗೆ ಅವಕಾಶವಿದೆ. ಸಂಕ್ರಾಂತಿ ಸೂರ್ಯನದು, ರಥಸಪ್ತಮಿ ಚಾಂದ್ರಮಾನದ ತಿಥಿ. ಆದ್ದರಿಂದ ಈ ಅವಧಿ ಪ್ರತಿವರ್ಷವೂ ಒಂದೇ ಆಗಿರದು. 2024ರಲ್ಲಿ ಅದು ಫೆಬ್ರವರಿ 16ರವರೆಗೆ ಬೆಳೆದಿತ್ತು. 2026ರಲ್ಲಿ ಜನವರಿ 25ಕ್ಕೇ ಮುಗಿಯಿತು. ಈ ವಾರಗಳಲ್ಲಿ ಕರಾವಳಿಯ ಸಮಾಜಗಳ ಮಹಿಳಾ ವಿಭಾಗಗಳು ಸಭಾಗೃಹಗಳಲ್ಲಿ ಅರಿಸಿನ-ಕುಂಕುಮವನ್ನು ನಡೆಸುತ್ತವೆ. ದೂರದ ಉಪನಗರಗಳಲ್ಲಿ ಚೆದರಿದವರು ವರ್ಷಕ್ಕೊಮ್ಮೆ ಕಲೆಯುವುದು ಸಣ್ಣ ಲಾಭವಲ್ಲ.

ಆದರೆ ಈ ಬದಲಾವಣೆಯಲ್ಲಿ ನಷ್ಟವೂ ಇದೆ. ಪಡಸಾಲೆಯಲ್ಲಿ ಎಳ್ಳು ಪಕ್ಕದ ಬಾಗಿಲಿಗೆ ಹೋಗುತ್ತಿತ್ತು, ಆ ಮನೆಯವರ ಜಾತಿಭಾಷೆಗಳು ಏನೇ ಇರಲಿ. ಸಭಾಗೃಹದಲ್ಲಿ ಸೇರುವವರು ಹೆಚ್ಚಾಗಿ ಒಂದೇ ಸಮಾಜದವರು. ಇನ್ನೂ ಗಂಭೀರವಾದುದು ಮತ್ತೊಂದು. ಎಳ್ಳು ಬೀರಲು ಬಂದ ಹುಡುಗಿ ಮನೆಯಲ್ಲಿರುವ ಅಜ್ಜಿಗೂ ಅದನ್ನು ಕೊಡುವಳು. ಅರಿಸಿನ-ಕುಂಕುಮ ಮಾತ್ರ ಸಂಪ್ರದಾಯದಂತೆ ಮುತ್ತೈದೆಯರಿಗೆ ಮೀಸಲು. ಹೊಸದಾಗಿ ಸ್ವೀಕರಿಸಿದ ಆಚರಣೆಯೊಡನೆ ವಿಧವೆಯನ್ನು ಹೊರಗಿಡುವ ಕಟ್ಟಳೆಯೂ ಒಳಗೆ ಬಂದಿತು. ಅದು ಅಳಿಸಲಾಗದುದೇನೂ ಅಲ್ಲ. ಕರ್ನಾಟಕದ ಗಡಿಗೆ ಹತ್ತಿರವಿರುವ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮಪಂಚಾಯತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ಠರಾವು ಮಾಡಿತು. ಅದನ್ನು ಅನುಸರಿಸುವಂತೆ ಮಹಾರಾಷ್ಟ್ರ ಸರಕಾರ ಅದೇ ತಿಂಗಳು ಉಳಿದ ಪಂಚಾಯತಿಗಳಿಗೂ ಸೂಚಿಸಿತು.